ತಾಳದ ಲೆಕ್ಕ, ಗೆರೆಯ ಲೆಕ್ಕ: ಜ್ಯಾಮಿತಿಯ ಸ್ಕ್ರೀನ್ ಪ್ರಿಂಟ್ ಮತ್ತು ಸಂಗೀತದ ಮುಖಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಗ್ರಾಫಿಕ್ ಡಿಸೈನರ್ ಆಗಿರುವ ನಾನು ಚೌಕ, ವೃತ್ತ, ಗೆರೆಗಳಿಂದಲೇ ಕಟ್ಟಿದ ಸ್ಕ್ರೀನ್ ಪ್ರಿಂಟ್‌ಗಳನ್ನು ಕೈಯಿಂದ ಒತ್ತುತ್ತೇನೆ. ಅವುಗಳಲ್ಲಿ ಹೆಚ್ಚಿನವು ಧ್ವನಿಮುದ್ರಿಕೆಗಳ ಮುಖಚಿತ್ರವಾಗಿ ಹುಟ್ಟಿದವು, ಇಲ್ಲವೇ ಒಂದು ತಾಳದ, ಒಂದು ಸ್ವರಾಂತರದ (ಎರಡು ಸ್ವರಗಳ ನಡುವಿನ ದೂರದ) ಲೆಕ್ಕದಿಂದ ಬೆಳೆದವು. ನೋಡಲು ಬಂದವರು, ಪತ್ರ ಬರೆದವರು, ಕಲಿಯಲು ಬಯಸುವವರು ಮತ್ತೆ ಮತ್ತೆ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಮೊದಲ ಭಾಗ ಹೊಸಬರಿಗೆ, ಕೊನೆಯ ಭಾಗ ಸ್ವತಃ ಸ್ಕ್ವೀಜಿ (ಶಾಯಿ ಎಳೆಯುವ ರಬ್ಬರಿನ ಪಟ್ಟಿ) ಹಿಡಿಯುವವರಿಗೆ.

## ಮೊದಲ ಪರಿಚಯ

ಸ್ಕ್ರೀನ್ ಪ್ರಿಂಟ್ ಅಂದ್ರ ಲಗ್ನಪತ್ರಿಕಿ ಮಾಡ್ತಾರಲ್ರೀ, ಅದೇ ಏನು?

ಹೌದು, ಅದೇ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಬಟ್ಟೆಯ ಚೀಲಗಳನ್ನು ಒತ್ತುವ ಅದೇ ಚೌಕಟ್ಟು, ಅದೇ ಬಿಗಿದ ಜಾಲರಿ ಬಟ್ಟೆ, ಅದೇ ರಬ್ಬರಿನ ಸ್ಕ್ವೀಜಿ ನನ್ನ ಮೇಜಿನ ಮೇಲೂ ಇವೆ. ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಬಳಿದು, ಕತ್ತಲೆಯಲ್ಲಿ ಒಣಗಿಸಿ, ಮೇಲೆ ಕಪ್ಪು ಚಿತ್ರವಿರುವ ಪಾಸಿಟಿವ್ ಹಾಳೆಯನ್ನಿಟ್ಟು ಬೆಳಕಿಗೆ ಒಡ್ಡುತ್ತೇವೆ. ಕಪ್ಪು ಇದ್ದ ಕಡೆ ಬೆಳಕು ತಲುಪದೆ ಎಮಲ್ಷನ್ ಮೆತ್ತಗೇ ಉಳಿಯುತ್ತದೆ. ನೀರು ಹೊಡೆದಾಗ ಅಷ್ಟು ಭಾಗ ಮಾತ್ರ ತೊಳೆದುಹೋಗಿ ಜಾಲರಿ ತೆರೆದುಕೊಳ್ಳುತ್ತದೆ, ಮುಂದೆ ಶಾಯಿ ಇಳಿಯುವುದು ಆ ತೆರೆದ ಜಾಗದಿಂದಲೇ. ಒಂದು ಬಣ್ಣಕ್ಕೆ ಒಂದು ಸ್ಕ್ರೀನು ಎಂಬುದು ಇಲ್ಲಿನ ಮೂಲ ನಿಯಮ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಹುಕಾಲ ಅಂಗಡಿಯ ಫಲಕ, ಜಾಹೀರಾತುಗಳ ಕಸುಬಾಗಿಯೇ ಇದ್ದ ಈ ವಿದ್ಯೆಯನ್ನು ಅಮೆರಿಕದ ಆಂಡಿ ವಾರ್ಹೋಲ್ 1962ರಲ್ಲಿ ಕ್ಯಾನ್‌ವಾಸಿಗೆ ತಂದ ಮೇಲೆ ಕಲಾಶಾಲೆಗಳು ಇದರತ್ತ ತಿರುಗಿ ನೋಡಿದವು. ನನ್ನ ಮಟ್ಟಿಗೆ ಲಗ್ನಪತ್ರಿಕೆಯ ಅಂಗಡಿಯೂ ಕಲಾಶಾಲೆಯೇ. ಚಿನ್ನದ ಬಣ್ಣದ ಸಣ್ಣ ಅಕ್ಷರ ಒಡೆಯದಂತೆ ಸಾವಿರ ಪತ್ರಿಕೆ ಒತ್ತುವವರ ಕೈಯ ಹದ ಯಾವ ಪುಸ್ತಕದಿಂದಲೂ ಬರುವುದಿಲ್ಲ.

ಕಂಪ್ಯೂಟರಿನಾಗ ಬರೆದ ಮ್ಯಾಲೆ ಪ್ರಿಂಟರಿನಾಗೇ ತೆಗೀಬಹುದಲ್ಲ, ಕೈಲೆ ಯಾಕ ಒತ್ತತೀರಿ?

ಚಿತ್ರದ ಅಳತೆ ಕಂಪ್ಯೂಟರಿನಲ್ಲಿ ಆಗುತ್ತದೆ, ಬಣ್ಣ ಮಾತ್ರ ಅಲ್ಲಿ ಆಗುವುದಿಲ್ಲ. ಸಾಮಾನ್ಯ ಪ್ರಿಂಟರು ನಾಲ್ಕು ಶಾಯಿಗಳ ಸಣ್ಣ ಚುಕ್ಕೆಗಳನ್ನು ಒತ್ತೊತ್ತಾಗಿ ಹರಡಿ ಕಣ್ಣಿಗೆ ಐದನೆಯ ಬಣ್ಣದ ಭ್ರಮೆ ಕೊಡುತ್ತದೆ. ಸ್ಕ್ರೀನಿನಲ್ಲಿ ನಾನು ಡಬ್ಬಿಯಲ್ಲಿ ಕಲಸಿದ ಕಾವಿಯೇ ಕಾಗದದ ಮೇಲೆ ಒಂದೇ ದಪ್ಪದ ಪದರವಾಗಿ ಕೂರುತ್ತದೆ. ಚೌಕದ ಅಂಚು ಕತ್ತರಿಸಿದಂತೆ ನಿಲ್ಲುತ್ತದೆ, ಬೆರಳಾಡಿಸಿದರೆ ಶಾಯಿಯ ಎತ್ತರ ತಿಳಿಯುತ್ತದೆ. ಬರೀ ಚೌಕ, ವೃತ್ತಗಳಿರುವ ಚಿತ್ರದಲ್ಲಿ ನೋಡುವವರ ಗಮನ ಹೋಗಲು ಮುಖವಿಲ್ಲ, ಮರವಿಲ್ಲ. ಅಂಚು ಮತ್ತು ಬಣ್ಣ ಎರಡೇ ಇರುವುದು. ಆ ಎರಡೂ ಸ್ವಚ್ಛವಾಗಿರಲೇಬೇಕು.

ಇದ್ರಾಗ ಬರೇ ಗೆರಿ, ಚೌಕ, ದುಂಡನ್ನವು. ಹಾಡವರ ಮುಖ ಎಲ್ಲಿ ಐತಿ?

ನಮ್ಮ ಹಿಂದೂಸ್ತಾನಿ ಸಂಗೀತದ ಎಲ್‌ಪಿಗಳ (ದೊಡ್ಡ ಗ್ರಾಮಫೋನ್ ತಟ್ಟೆಗಳ) ಹೊದಿಕೆಯ ಮೇಲೆ ಸಾಮಾನ್ಯವಾಗಿ ಗಾಯಕರ ಭಾವಚಿತ್ರವೇ ಇರುತ್ತಿತ್ತು: ಹಿಂದೆ ತಂಬೂರಿ, ಮುಂದೆ ಎತ್ತಿದ ಕೈ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಂಥವರ ಮುಖವನ್ನು ಜನ ಪ್ರೀತಿಯಿಂದ ನೋಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಭಾವಚಿತ್ರ ಯಾರು ಹಾಡಿದರು ಎಂದು ಹೇಳುತ್ತದೆಯೇ ಹೊರತು ಏನು ಹಾಡಿದರು, ಅದನ್ನು ಹೇಗೆ ಕಟ್ಟಿದರು ಎಂದು ಹೇಳುವುದಿಲ್ಲ. ಒಬ್ಬರೇ ಗಾಯಕರ ಹತ್ತು ಮುದ್ರಿಕೆಗಳಿಗೆ ಹತ್ತು ಭಾವಚಿತ್ರ ಹಾಕಿದರೆ ಹತ್ತೂ ಒಂದೇ ಆಗಿ ಕಾಣುತ್ತವೆ, ಒಳಗಿನ ಸಂಗೀತ ಮಾತ್ರ ಹತ್ತು ಬಗೆಯದು. ಸಂಗೀತದ ಒಳಗಿರುವ ಎಣಿಕೆಯನ್ನು, ಪುನರಾವರ್ತನೆಯನ್ನು, ಖಾಲಿ ಜಾಗವನ್ನು ಕಣ್ಣಿಗೆ ತೋರಿಸಬೇಕೆಂಬುದು ನನ್ನ ಹಟ. ಅದಕ್ಕೆ ಜ್ಯಾಮಿತಿಗಿಂತ ಪ್ರಾಮಾಣಿಕವಾದ ಭಾಷೆ ನನಗೆ ಸಿಕ್ಕಿಲ್ಲ.

ಕೆಳಗೆ ಪೆನ್ಸಿಲಿನಲ್ಲಿ 7/40 ಎಂದು ಬರೆದಿರುವುದು ಏಕೆ?

ಒಟ್ಟು 40 ಪ್ರತಿಗಳಲ್ಲಿ ಇದು ಏಳನೆಯದು ಎಂದು ಅರ್ಥ. ಅಷ್ಟು ಪ್ರತಿ ಮುಗಿದ ಮೇಲೆ ಎಮಲ್ಷನ್ ಕಿತ್ತು ಸ್ಕ್ರೀನನ್ನು ಬೇರೆ ಚಿತ್ರಕ್ಕೆ ಬಳಸುತ್ತೇನೆ, ಅದೇ ಚಿತ್ರವನ್ನು ಮತ್ತೆ ಒತ್ತುವುದಿಲ್ಲ. ಏಳನೆಯದು ಮೂವತ್ತನೆಯದಕ್ಕಿಂತ ಉತ್ತಮ ಎಂದೇನಿಲ್ಲ.

## ಸಂಗೀತದ ಮುಖಚಿತ್ರದ ಕಥೆ

ಗ್ರಾಮಫೋನ್ ಪ್ಲೇಟಿನ ಕವರಿನ ಮ್ಯಾಲೆ ಮೊದಲಿಂದಲೂ ಚಿತ್ರ ಇತ್ತೇನ್ರೀ?

ಇರಲಿಲ್ಲ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕೋಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹಾಡೆಂದು ತಿಳಿಯಲು ಅದೇ ಗುರುತು. ಆ ಕಾಲದ ತಟ್ಟೆಗಳು ಬರುತ್ತಿದ್ದದ್ದು ನಡುವೆ ತೂತಿದ್ದ ಸಾದಾ ಕಾಗದದ ಚೀಲದಲ್ಲಿ. ಹಲವು ತಟ್ಟೆಗಳನ್ನು ಕೂಡಿಸಿ ಪುಸ್ತಕದಂತೆ ಕಟ್ಟಿದರೂ ಮೇಲೆ ಕಂದು ಅಥವಾ ಬೂದು ರಟ್ಟು, ಅದರ ಮೇಲೆ ಹೆಸರು, ಅಷ್ಟೇ.

1940ರಲ್ಲಿ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಕೆಲಸಕ್ಕಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ವಿನ್ಯಾಸಕಾರ ಆ ರಟ್ಟಿನ ಮೇಲೆ ಚಿತ್ರ ಬರೆಯಲು ಅನುಮತಿ ಕೇಳಿ ಪಡೆದ. ಮುಖಚಿತ್ರವೆಂಬ ಕಸುಬು ಅಲ್ಲಿಂದ ಬೆಳೆಯಿತು. ಅದೇ ಕಂಪನಿ 1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯನ್ನು ಹೊರತಂದಾಗ 12 ಅಂಗುಲದ ತಟ್ಟೆಗೆ ತಕ್ಕಂತೆ ಸುಮಾರು 31 ಸೆಂಟಿಮೀಟರಿನ ಚೌಕ ವಿನ್ಯಾಸಕಾರರ ಕೈಗೆ ಬಂತು. ಈ ಚೌಕವೇ ಜ್ಯಾಮಿತಿಗೆ ದೊಡ್ಡ ಉಪಕಾರ ಮಾಡಿತೆಂದು ನಾನು ನಂಬುತ್ತೇನೆ. ನಾಲ್ಕೂ ಬದಿ ಸಮವಾಗಿರುವ ಹಾಳೆಯೊಳಗೆ ದುಂಡನೆಯ ತಟ್ಟೆ ಇದೆ ಎಂಬ ಅರಿವು ಕಣ್ಣಿನ ಮುಂದೆ ಸದಾ ಇರುವಾಗ, ಚೌಕದಲ್ಲಿ ವೃತ್ತವನ್ನು ಕೂರಿಸುವ ಯೋಚನೆ ಯಾರಿಗಾದರೂ ಬರಲೇಬೇಕು.

ಇಂಥ ಚಿತ್ರಗಳನ್ನು ನೋಡಿ ಕಲಿಯಬೇಕು. ಯಾರಿಂದ ಶುರು ಮಾಡಲಿ?

ಮೊದಲು ಯೋಸೆಫ್ ಮ್ಯುಲರ್-ಬ್ರೋಕ್‌ಮನ್ ಅವರನ್ನು ನೋಡಿ. ಅವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಟೋನ್‌ಹಾಲೆ ಸಂಗೀತ ಸಭಾಂಗಣಕ್ಕೆ ಭಿತ್ತಿಪತ್ರಗಳನ್ನು ಮಾಡಿಕೊಟ್ಟವರು. 1955ರ ಬೀಥೋವನ್ ಕಛೇರಿಯ ಭಿತ್ತಿಪತ್ರದಲ್ಲಿ ವಾದ್ಯವಿಲ್ಲ, ವಾದಕನಿಲ್ಲ. ಒಂದೇ ಕೇಂದ್ರದ ಸುತ್ತ ತಿರುಗುವ ಕಪ್ಪು ಕಮಾನುಗಳು ಹೊರಗೆ ಹೋದಂತೆ ಒಂದಕ್ಕೊಂದು ಇಮ್ಮಡಿಯಾಗುತ್ತ ದಪ್ಪವಾಗುತ್ತವೆ. ಸಪ್ಪಳ ಏರುವುದನ್ನು ಕಿವಿಯಿಲ್ಲದೆ ಕೇಳಿಸಿದ ಹಾಗೆ.

ಆಮೇಲೆ ಯೋಸೆಫ್ ಆಲ್ಬರ್ಸ್. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿಸಿ, ಅಮೆರಿಕಕ್ಕೆ ವಲಸೆ ಹೋಗಿ, 1950ರಿಂದ ಚೌಕದೊಳಗೆ ಚೌಕ ಬರೆಯುತ್ತಲೇ ಬಾಳಿದ ಈ ಗುರು 1959ರಲ್ಲಿ ಕಮಾಂಡ್ ರೆಕಾರ್ಡ್ಸ್‌ನ ತಾಳವಾದ್ಯಗಳ ಎಲ್‌ಪಿಗಳಿಗೆ ಮುಖಚಿತ್ರ ಮಾಡಿದರು. ‘ಪರ್ಸುಯೇಸಿವ್ ಪರ್ಕಷನ್’ ಎಂಬುದರ ಮೇಲೆ ಕಪ್ಪು ಚುಕ್ಕೆಗಳು ಸಾಲುಸಾಲಾಗಿ ಒತ್ತಾಗಿ ನಿಂತಿವೆ, ಮೇಲ್ಭಾಗದಲ್ಲಿ ಕೆಲವು ಚುಕ್ಕೆಗಳು ಮಾತ್ರ ಸಾಲು ಬಿಟ್ಟು ಚಿಮ್ಮಿವೆ. ಬೋಂಗೋ ವಾದ್ಯದ ಮೇಲೆ ಬೆರಳು ಬಿದ್ದು ಎದ್ದ ಚುರುಕು ಅಲ್ಲಿ ಕಾಣುತ್ತದೆ. ಸಾಲು ಇಲ್ಲದಿದ್ದರೆ ಚಿಮ್ಮಿದ್ದಕ್ಕೆ ಬೆಲೆ ಇರುತ್ತಿರಲಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ಲಯ ತಪ್ಪದೆ ನಿಂತ ಠೇಕಾ (ತಾಳದ ಮೂಲ ತಬಲಾ ನುಡಿ) ಇದ್ದರಷ್ಟೇ ತಿಹಾಯಿಗೆ (ಮೂರು ಸಲ ನುಡಿಸಿ ಮುಗಿಸುವ ತುಣುಕಿಗೆ) ಕಳೆ.

ಚಿತ್ರಕಾರ ವಿಕ್ತರ್ ವಾಸರೆಲಿ ಅವರ ಚುಕ್ಕೆಗಳ ಚಿತ್ರದ ಮೇಲೆ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಅವರ ಮುಖವನ್ನು ಕೂರಿಸಿದ 1969ರ ಎಲ್‌ಪಿಯನ್ನೂ ನೋಡಿ. ಮುಖ ಮತ್ತು ಜ್ಯಾಮಿತಿ ಒಂದೇ ಚೌಕದಲ್ಲಿ ಇದ್ದಾಗ ಯಾವುದು ಗೆಲ್ಲುತ್ತದೆ ಎಂದು ತಿಳಿಯಲು ಅದು ಒಳ್ಳೆಯ ಪಾಠ.

ಕಪ್ಪು ಟೀ-ಶರ್ಟಿನ ಮೇಲೆ ಬಿಳಿ ಗೆರೆಗಳ ಗುಡ್ಡದಂಥ ಚಿತ್ರ ಎಲ್ಲೆಲ್ಲೂ ಕಾಣುತ್ತದೆ. ಅದು ಹಾಡಿನ ಅಲೆಯ ಚಿತ್ರವೇ?

ಅಲ್ಲ, ಅದು ಆಕಾಶದಿಂದ ಬಂದದ್ದು. ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ 1979ರ ಮೊದಲ ಎಲ್‌ಪಿಗೆ ಪೀಟರ್ ಸ್ಯಾವಿಲ್ ಮಾಡಿದ ಮುಖಚಿತ್ರ ಅದು. 1967ರಲ್ಲಿ ಜೋಸೆಲಿನ್ ಬೆಲ್ ಪತ್ತೆ ಹಚ್ಚಿದ ಮೊದಲ ಪಲ್ಸಾರ್ (ಮಿಡಿಯುವ ನಕ್ಷತ್ರ) ಸುಮಾರು 1.34 ಸೆಕೆಂಡಿಗೊಮ್ಮೆ ರೇಡಿಯೋ ಮಿಡಿತ ಕಳಿಸುತ್ತದೆ. ಹೆರಾಲ್ಡ್ ಕ್ರಾಫ್ಟ್ ಎಂಬ ಸಂಶೋಧಕ ಆ ಮಿಡಿತಗಳನ್ನು ಒಂದರ ಕೆಳಗೊಂದು ಗೆರೆಯಾಗಿ ಬರೆದು 1970ರಲ್ಲಿ ತನ್ನ ಪ್ರಬಂಧದಲ್ಲಿ ಸೇರಿಸಿದ್ದ. ಅಲ್ಲಿ ಬಿಳಿಯ ಮೇಲೆ ಕಪ್ಪಾಗಿದ್ದ ಗೆರೆಗಳನ್ನು ಸ್ಯಾವಿಲ್ ಕಪ್ಪಿನ ಮೇಲೆ ಬಿಳಿಯಾಗಿ ತಿರುಗಿಸಿದರು.

ಇದನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ತೋರಿಸುತ್ತೇನೆ, ಏಕೆಂದರೆ ಇದು ಆವರ್ತನಗಳ, ಅಂದರೆ ಮರುಕಳಿಸುವ ಸುತ್ತುಗಳ ಚಿತ್ರ. ಪ್ರತಿ ಗೆರೆಯೂ ಅದೇ ಅವಧಿಯದು, ಪ್ರತಿಯೊಂದರ ಏರಿಳಿತವೂ ತುಸು ಬೇರೆ. ವಿಲಂಬಿತ (ನಿಧಾನ ಲಯದ) ಖಯಾಲಿನ ಹತ್ತಾರು ಆವರ್ತನಗಳನ್ನು ಹೀಗೆ ಒಂದರ ಕೆಳಗೊಂದು ಜೋಡಿಸಿ, ಸಮ್ (ತಾಳದ ಮೊದಲ ಬಡಿತ) ಎಲ್ಲ ಒಂದೇ ನೇರಕ್ಕೆ ಬರುವಂತೆ ಇಟ್ಟರೆ, ಗಾಯಕರು ಪ್ರತಿ ಸಲ ಮುಖಡಾವನ್ನು (ಸಮ್‌ಗೆ ಕರೆತರುವ ಹಾಡಿನ ತುಣುಕನ್ನು) ಎಲ್ಲಿಂದ ಎತ್ತಿಕೊಂಡರು ಎಂಬುದು ಗೆರೆಯ ಉಬ್ಬಿನಲ್ಲೇ ಕಾಣುತ್ತದೆ.

ವಿಜಯಪುರದಾಗ ಕುಂತು ಪರದೇಶದವರ ಶೈಲಿ ಯಾಕ ಮಾಡಬೇಕು? ನಮ್ಮಲ್ಲಿ ಏನೂ ಇಲ್ಲೇನು?

ಇರುವುದು ಇಲ್ಲೇ. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಒಳಗೆ ನಿಂತು ಮೇಲೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ವೃತ್ತ. ಚೌಕದ ಮೇಲೆ ವೃತ್ತವನ್ನು ಕೂರಿಸಲು ಕಟ್ಟಿದವರು ಎರಡು ಚೌಕಗಳನ್ನು ಒಂದರ ಮೇಲೊಂದು 45 ಡಿಗ್ರಿ ತಿರುಗಿಸಿಟ್ಟ ಲೆಕ್ಕದಲ್ಲಿ ಎಂಟು ಕಮಾನುಗಳನ್ನು ಒಂದಕ್ಕೊಂದು ಹೆಣೆದರು. ಆ ಹೆಣಿಗೆಯ ನಡುವೆ ಎಂಟು ಮೂಲೆಯ ಆಕೃತಿ ಹುಟ್ಟುತ್ತದೆ, ಅದರ ಮೇಲೆ ವೃತ್ತ ನಿಲ್ಲುತ್ತದೆ, ಆ ವೃತ್ತದ ಗ್ಯಾಲರಿಯಲ್ಲಿ ಪಿಸುಮಾತು ಗೋಡೆ ಹಿಡಿದು ಆಚೆ ದಡ ತಲುಪುತ್ತದೆ. ಆಕೃತಿಯೇ ಧ್ವನಿಯನ್ನು ನಡೆಸುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಬೇರೆ ಊರಿನಲ್ಲಿ ಹುಡುಕಲಾರೆ.

ಈ ಊರಿನಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಸ್ವತಃ ಹಾಡುಗಳನ್ನು ಕಟ್ಟಿ ರಾಗಗಳಿಗೆ ಹೊಂದಿಸಿದವನು. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದವನು. ದಖನಿ ಭಾಷೆಯ ಅವನ ‘ಕಿತಾಬ್-ಎ-ನವರಸ್’ ಸರಸ್ವತಿ, ಗಣಪತಿಯರನ್ನು ನೆನೆಯುತ್ತದೆ. ಅವನ ಗೋರಿಯಿರುವ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಕೊರೆದು ಮಾಡಿದ ಕಲ್ಲಿನ ಜಾಲಂದ್ರಗಳಿವೆ. ಕಲ್ಲು ಇರುವಲ್ಲಿ ತಡೆ, ತೂತು ಇರುವಲ್ಲಿ ಬೆಳಕು: ನನ್ನ ಸ್ಕ್ರೀನಿನ ನ್ಯಾಯವೂ ಇದೇ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯ ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಮೂಡುವ ಹಣಿಗೆ, ತೋಪ ತೆನಿ ಎಂಬ ಚಿತ್ತಾರಗಳೂ ಲೆಕ್ಕದ ಮಕ್ಕಳೇ. ಒಡಲಿನ ಹಾಸು ಎಳೆಗೂ ಸೆರಗಿನ ಹಾಸು ಎಳೆಗೂ ಕೊಂಡಿ ಹಾಕಿ ಜೋಡಿಸುವ ಆ ನೇಯ್ಗೆಯಲ್ಲಿ ಎಳೆ ಎಣಿಸದೆ ಒಂದು ತೆನೆಯೂ ಏಳದು. ಆಲ್ಬರ್ಸ್ ಅವರನ್ನು ಓದಿದ್ದರಿಂದ ಇಳಕಲ್ಲಿನ ಸೆರಗು ನನಗೆ ಇನ್ನೂ ಚೆನ್ನಾಗಿ ಕಂಡಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಅಗತ್ಯ ನನಗೆ ತೋರಿಲ್ಲ.

## ನಾದದಿಂದ ಗೆರೆಗೆ

ತಾಳನ ಚಿತ್ರದಾಗ ಹ್ಯಾಂಗ ತರ್ತೀರಿ? ಬರೇ ಹತ್ತು ಚುಕ್ಕಿ ಇಟ್ರ ಝಪತಾಲ ಆಗತೈತೇನು?

ಹತ್ತು ಚುಕ್ಕೆ ಇಟ್ಟರೆ ಹತ್ತು ಚುಕ್ಕೆಯೇ ಆಗುತ್ತದೆ. ತಾಳವೆಂದರೆ ಮಾತ್ರೆಗಳ (ಎಣಿಸುವ ಬಡಿತಗಳ) ಸಂಖ್ಯೆಯ ಜೊತೆಗೆ ಅವುಗಳ ತೂಕ. ಝಪತಾಲದ ಠೇಕಾ ತೆಗೆದುಕೊಳ್ಳಿ: ಧೀ ನಾ, ಧೀ ಧೀ ನಾ, ತೀ ನಾ, ಧೀ ಧೀ ನಾ. ವಿಭಾಗ 2-3-2-3, ಆರನೆಯ ಮಾತ್ರೆ ಖಾಲಿ, ಅಂದರೆ ಕೈ ತಟ್ಟದೆ ಬರಿದೇ ಬೀಸಿ ತೋರಿಸುವ ಜಾಗ. ಈಗ ತಬಲಾಜೋಡಿಯ ಎರಡು ಕೈಗಳನ್ನು ಎರಡು ಸ್ಕ್ರೀನುಗಳೆಂದು ತಿಳಿಯಿರಿ. ಬಲಗೈಯ ತಬಲಾ ಹತ್ತೂ ಮಾತ್ರೆಗಳಲ್ಲಿ ನುಡಿಯುತ್ತದೆ, ಆದ್ದರಿಂದ ಮೊದಲ ಸ್ಕ್ರೀನಿನಿಂದ ಹತ್ತು ತೆಳುವಾದ ನೇರ ಗೆರೆಗಳನ್ನು ಒತ್ತುತ್ತೇನೆ. ಎಡಗೈಯ ಡಗ್ಗಾ ‘ಧೀ’ ಇದ್ದಲ್ಲಿ ಮಾತ್ರ ನುಡಿಯುತ್ತದೆ. ಅಂದರೆ 1, 3, 4, 8, 9ನೆಯ ಮಾತ್ರೆಗಳಲ್ಲಿ. ಎರಡನೆಯ ಸ್ಕ್ರೀನಿನಿಂದ ಆ ಐದು ಜಾಗಗಳಲ್ಲಷ್ಟೇ ದೊಡ್ಡ ತುಂಬು ವೃತ್ತಗಳು ಬೀಳುತ್ತವೆ. ಆಗ 5, 6, 7 ಸತತವಾಗಿ ಬರಿದಾಗಿ ಉಳಿಯುತ್ತವೆ. ಕೇಳುವಾಗ ನಡುವೆ ನೆಲ ಜಾರಿದಂತೆ ಅನಿಸುವ ಜಾಗ ಅದೇ. ಅದನ್ನು ನಾನು ಬರೆಯಲಿಲ್ಲ, ಕಾಗದವೇ ಉಳಿಸಿಕೊಟ್ಟಿತು.

ತೀನತಾಲದಲ್ಲಿ ಇದು ಇನ್ನೂ ಸೊಗಸು. ಹದಿನಾರು ಮಾತ್ರೆಗಳನ್ನು ನಾಲ್ಕು ಅಡ್ಡ ಸಾಲು, ನಾಲ್ಕು ಉದ್ದ ಸಾಲಿನ ಚೌಕದಲ್ಲಿ ಇಟ್ಟರೆ ಎಲ್‌ಪಿಯ ಹೊದಿಕೆಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಕೈಯಲ್ಲಿ ತಾಳ ಹಾಕುವವರು ಖಾಲಿಯನ್ನು ಒಂಬತ್ತಕ್ಕೆ ತೋರಿಸುತ್ತಾರೆ. ಆದರೆ ಒಂಬತ್ತನೆಯದು ‘ಧಾ’ ಆಗಿರುವ ರೂಢಿಯ ಠೇಕಾದಲ್ಲಿ ಡಗ್ಗಾ ಸುಮ್ಮನಾಗುವುದು ‘ತಿನ್ ತಿನ್ ತಾ, ತಾ’ ಎಂಬ 10ರಿಂದ 13ರವರೆಗೆ. ಆದ್ದರಿಂದ ಬರಿದಾದ ಮನೆಗಳು ಮೂರನೆಯ ಸಾಲಿನ ಕೊನೆಯ ಮೂರು ಮತ್ತು ನಾಲ್ಕನೆಯ ಸಾಲಿನ ಮೊದಲನೆಯದು. ಎಣಿಕೆಯ ಖಾಲಿ ಮತ್ತು ನಾದದ ಖಾಲಿ ಒಂದು ಮಾತ್ರೆಯಷ್ಟು ಸರಿದಿರುವುದು ಚಿತ್ರದಲ್ಲಿ ಕೂಡಲೇ ಕಾಣುತ್ತದೆ. ರೂಪಕದಲ್ಲಂತೂ ಆರಂಭವೇ ಖಾಲಿ: ತೀ ತೀ ನಾ, ಧೀ ನಾ, ಧೀ ನಾ. ಏಳು ಮನೆಗಳಲ್ಲಿ 4 ಮತ್ತು 6 ಮಾತ್ರ ತುಂಬಿರುತ್ತವೆ. ಅಷ್ಟು ಕಡಿಮೆ ಶಾಯಿಯಲ್ಲಿ ಅಷ್ಟು ಎಳೆತವಿರುವ ಚಿತ್ರ ನನಗೆ ಬೇರೆ ಯಾವ ತಾಳದಿಂದಲೂ ದೊರೆತಿಲ್ಲ.

ರಾಗಕ್ಕೊಂದು ಬಣ್ಣ ಇರ್ತೈತಂತಲ್ಲ, ಭೈರವಕ್ಕ ಯಾವ ಬಣ್ಣ ಹಚ್ಚತೀರಿ?

ಒಂದು ರಾಗಕ್ಕೆ ಒಂದು ಬಣ್ಣವೆಂದು ನಾನು ಗಂಟು ಹಾಕುವುದಿಲ್ಲ. ರಾಗಮಾಲಾ ಚಿತ್ರಗಳ ಪರಂಪರೆ ಬೇರೆ, ಅಲ್ಲಿ ರಾಗಕ್ಕೆ ರೂಪ, ಕಾಲ, ಕಥೆ ಎಲ್ಲವೂ ಇವೆ. ನಾನು ಎತ್ತಿಕೊಳ್ಳುವುದು ಬೇರೊಂದು ಸತ್ಯವನ್ನು: ಷಡ್ಜ (ಆಧಾರ ಸ್ವರ ‘ಸ’) ನಿಂತ ಮೇಲೆಯೇ ರಿಷಭ (‘ರಿ’) ಕೋಮಲವೋ ಶುದ್ಧವೋ ಎಂದು ತಿಳಿಯುತ್ತದೆ. ಬಣ್ಣವೂ ಹಾಗೆಯೇ. ಒಂದೇ ಡಬ್ಬಿಯ ಬೂದು ಶಾಯಿಯನ್ನು ಹಳದಿಯ ನಡುವೆ ಒತ್ತಿದರೆ ತಣ್ಣಗೆ, ನೀಲಿಯ ನಡುವೆ ಒತ್ತಿದರೆ ಬೆಚ್ಚಗೆ ಕಾಣುತ್ತದೆ. ಆಲ್ಬರ್ಸ್ ಬಾಳಿನುದ್ದಕ್ಕೂ ಕಲಿಸಿದ್ದು ಇದನ್ನೇ. ಆದ್ದರಿಂದ ಮೊದಲು ಒಂದು ನೆಲದ ಬಣ್ಣವನ್ನು ಷಡ್ಜವಾಗಿ ನಿಲ್ಲಿಸಿ, ಉಳಿದವನ್ನು ಅದರಿಂದ ಎಷ್ಟು ದೂರ ಎಂಬ ಲೆಕ್ಕದಲ್ಲಿ ಆರಿಸುತ್ತೇನೆ.

ತಂಬೂರಿಯ ನಾದವನ್ನು ಗೆರೆಯಾಗಿ ಬರೆಯಬಹುದೇ, ಅಥವಾ ಅದು ಕಲ್ಪನೆಯೇ?

ಬರೆಯಬಹುದು, ಮತ್ತು ಅದು ಭೌತವಿಜ್ಞಾನ. 1787ರಲ್ಲಿ ಅರ್ನ್ಸ್ಟ್ ಕ್ಲಾಡ್ನಿ ಲೋಹದ ಹಲಗೆಯ ಮೇಲೆ ಮರಳು ಹರಡಿ, ಅಂಚಿಗೆ ಪಿಟೀಲಿನ ಕಮಾನು ಎಳೆದು, ಮರಳು ನಕ್ಷತ್ರದಂಥ ಆಕೃತಿಗಳಲ್ಲಿ ಕೂಡುವುದನ್ನು ಪ್ರಕಟಿಸಿದ. 1857ರ ಹೊತ್ತಿಗೆ ಫ್ರಾನ್ಸಿನ ಲಿಸಾಜೂ ಒಂದಕ್ಕೊಂದು ಲಂಬವಾಗಿ ಕಂಪಿಸುವ ಎರಡು ಶ್ರುತಿಕವೆಗಳಿಗೆ (ಟ್ಯೂನಿಂಗ್ ಫೋರ್ಕ್) ಕನ್ನಡಿ ಅಂಟಿಸಿ, ಬೆಳಕನ್ನು ಎರಡರಿಂದಲೂ ಪ್ರತಿಫಲಿಸಿ, ಸ್ವರಾಂತರಗಳನ್ನು ಗೋಡೆಯ ಮೇಲೆ ಗೆರೆಯಾಗಿ ಮೂಡಿಸಿದ.

ತಂಬೂರಿಯ ಮಂದ್ರ ಷಡ್ಜಕ್ಕೂ ಪಂಚಮಕ್ಕೂ 2:3, ಆ ಪಂಚಮಕ್ಕೂ ಮಧ್ಯ ಷಡ್ಜಕ್ಕೂ 3:4 ಅನುಪಾತ. ಮೊದಲನೆಯದನ್ನು ಲಿಸಾಜೂ ವಿಧಾನದಲ್ಲಿ ಬರೆದರೆ ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಸುರುಳಿಗಳಿರುವ ಮುಚ್ಚಿದ ಗೆರೆ ಬರುತ್ತದೆ. ಎರಡನೆಯದಕ್ಕೆ ನಾಲ್ಕು ಮತ್ತು ಮೂರು. ಎರಡನ್ನೂ ಎರಡು ಪಾರದರ್ಶಕ ಬಣ್ಣಗಳಲ್ಲಿ ಒಂದರ ಮೇಲೊಂದು ಒತ್ತಿದರೆ ತಂತಿ ಮೀಟಿದ ಹಾಗೆ ಕಣ್ಣು ಅಲ್ಲಿಲ್ಲಿ ಓಡುತ್ತದೆ. ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೆ ಲಿಸಾಜೂ ಗೆರೆ ಒಂದೆಡೆ ನಿಲ್ಲದೆ ಮೆಲ್ಲಗೆ ಹೊರಳುತ್ತಿರುತ್ತದೆ. ಆ ಹೊರಳಿಕೆಯ ಕೆಲವು ಹಂತಗಳನ್ನು ಒಂದೇ ಹಾಳೆಯ ಮೇಲೆ ತೆಳುವಾಗಿ ಒತ್ತುವುದು ನನಗೆ ಬಹಳ ಇಷ್ಟವಾದ ಕೆಲಸ.

## ಕೈಕೆಲಸದ ಒಳಗುಟ್ಟು

ಎರಡೇ ಬಣ್ಣ ಹಚ್ಚೀನಿ ಅಂತೀರಿ, ಮೂರು ಹ್ಯಾಂಗ ಕಾಣ್ತಾವು?

ಶಾಯಿಗೆ ಪಾರದರ್ಶಕ ಮೀಡಿಯಂ ಬೆರೆಸಿದರೆ ಮೇಲಿನ ಪದರದ ಮೂಲಕ ಕೆಳಗಿನ ಬಣ್ಣ ಕಾಣುತ್ತದೆ. ಹಳದಿ ವೃತ್ತದ ಮೇಲೆ ನೀಲಿ ವೃತ್ತ ಅರ್ಧ ಬಿದ್ದರೆ ಕೂಡಿದ ಭಾಗ ಹಸಿರಾಗುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ ಎಂಬುದು ರೂಢಿ. ಕ್ರಮ ಬದಲಿಸಿದರೆ ಮೂರನೆಯ ಬಣ್ಣವೂ ಬದಲಾಗುತ್ತದೆ, ಆದ್ದರಿಂದ ಚಿತ್ರ ಶುರುಮಾಡುವ ಮೊದಲು ಅದೇ ಕಾಗದದ ಚೂರಿನ ಮೇಲೆ ಎರಡೂ ಕ್ರಮಗಳನ್ನು ಒತ್ತಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಬೇಕು. ಜುಗಲಬಂದಿಯ ಮುದ್ರಿಕೆಗಳಿಗೆ ಈ ವಿಧಾನವನ್ನೇ ಹೆಚ್ಚಾಗಿ ಬಳಸುತ್ತೇನೆ: ಇಬ್ಬರಿಗೂ ತಮ್ಮ ತಮ್ಮ ಬಣ್ಣ, ಇಬ್ಬರೂ ಕೂಡಿದಲ್ಲಿ ಯಾರೊಬ್ಬರದೂ ಅಲ್ಲದ ಬಣ್ಣ.

ಸಣ್ಣ ಗೆರಿ ಹಲ್ಲು ಹಲ್ಲು ಬರ್ತಾವು. ಸ್ಕ್ರೀನು ಕೆಟ್ಟದ್ದೋ, ಕೈ ಕೆಟ್ಟದ್ದೋ?

ಬಹುತೇಕ ಎರಡೂ ಅಲ್ಲ, ಜಾಲರಿಯ ಸಂಖ್ಯೆ ತಪ್ಪಿರುತ್ತದೆ. ಬಟ್ಟೆಗೆ ಒತ್ತುವ ಜಾಲರಿಯಲ್ಲಿ ಸೆಂಟಿಮೀಟರಿಗೆ 43ರಿಂದ 55 ಎಳೆ ಇರುತ್ತವೆ. ಅಲ್ಲಿ ಎಳೆಯಿಂದ ಎಳೆಗೆ ಸುಮಾರು 0.2 ಮಿಲಿಮೀಟರ್ ಅಂತರ. ಕಾಲು ಮಿಲಿಮೀಟರಿನ ಗೆರೆಯನ್ನು ಅದರ ಮೇಲೆ ತೆರೆದರೆ ಗೆರೆಯ ಅಗಲಕ್ಕೆ ಒಂದೇ ಎಳೆ ಸಿಗುತ್ತದೆ, ಅಂಚು ಹಲ್ಲಾಗದೆ ಬೇರೆ ದಾರಿಯಿಲ್ಲ. ಸೆಂಟಿಮೀಟರಿಗೆ 120 ಎಳೆಯ ಜಾಲರಿಯಲ್ಲಿ ಅಂತರ 0.083 ಮಿಲಿಮೀಟರ್, ಅದೇ ಗೆರೆಗೆ ಮೂರು ಎಳೆ ದೊರೆತು ಅಂಚು ನೇರವಾಗುತ್ತದೆ. ಗೆರೆ ಜಾಲರಿಯ ಎಳೆಗೆ ಸ್ವಲ್ಪವೇ ಓರೆಯಾಗಿದ್ದರೆ ಹಲ್ಲು ಇನ್ನೂ ಎದ್ದು ಕಾಣುತ್ತದೆ. ಆಗ ಪಾಸಿಟಿವನ್ನು ಚೌಕಟ್ಟಿನಲ್ಲಿ ಹದಿನೈದು ಇಪ್ಪತ್ತು ಡಿಗ್ರಿ ತಿರುಗಿಸಿ ಎಕ್ಸ್‌ಪೋಸ್ ಮಾಡಬೇಕು. ಒತ್ತೊತ್ತಾದ ಸಮಾಂತರ ಗೆರೆಗಳ ಚಿತ್ರದಲ್ಲಿ ಬೇಡದ ಅಲೆಗಳು ಏಳುವುದಕ್ಕೂ ಇದೇ ಮದ್ದು.

ನಮ್ಮ ಕಡೆ ಬ್ಯಾಸಗ್ಯಾಗ ಶಾಯಿ ಜಾಲರಿಯಾಗೇ ಒಣಗತೈತಿ. ಏನ್ ಮಾಡೂದ್ರೀ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆಗ ಹಾಳೆ ಬದಲಿಸುವಷ್ಟು ಹೊತ್ತಿಗೇ ಸಣ್ಣ ಗೆರೆಗಳು ಕಟ್ಟಿಕೊಳ್ಳುತ್ತವೆ. ಬೆಳಗಿನ ಜಾವ ಎದ್ದು ಬಿಸಿಲೇರುವ ಮುಂಚೆ ಸಣ್ಣ ಗೆರೆಯ ಬಣ್ಣ ಮುಗಿಸುವುದು, ದೊಡ್ಡ ತುಂಬು ಆಕೃತಿಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಮೊದಲ ಉಪಾಯ. ಪ್ರತಿ ಒತ್ತಿನ ನಂತರ ಚೌಕಟ್ಟನ್ನು ಎತ್ತಿ, ಹಗುರ ಕೈಯಿಂದ ಶಾಯಿಯನ್ನು ಹಿಂದಕ್ಕೆ ಎಳೆದು ತೆರೆದ ಭಾಗವನ್ನು ಹೊದಿಸಿ ಬಿಟ್ಟರೆ ಜಾಲರಿ ಒಣಗದು. ರಿಟಾರ್ಡರ್ (ಶಾಯಿ ಒಣಗುವುದನ್ನು ತಡಮಾಡುವ ದ್ರವ) ಸಹಾಯ ಮಾಡುತ್ತದೆ, ಆದರೆ ಹೆಚ್ಚಾದರೆ ಶಾಯಿ ತೆಳುವಾಗಿ ಅಂಚಿನ ಕೆಳಗೆ ನುಸುಳಿ, ನೇರವಿರಬೇಕಾದ ಚೌಕ ಉಬ್ಬಿಕೊಳ್ಳುತ್ತದೆ. ಮೇಜಿನ ಮೇಲಿನ ಫ್ಯಾನು ಬಂದ್ ಇರಲಿ. ದ್ರಾವಕದ ಶಾಯಿಯಾದರೆ ಕಿಟಕಿ ಮಾತ್ರ ತೆರೆದೇ ಇರಬೇಕು, ಆ ಆವಿ ದೇಹಕ್ಕೆ ಒಳ್ಳೆಯದಲ್ಲ.

ಕಾಗದದ ವಿಷಯವನ್ನು ಹಲವರು ಮರೆಯುತ್ತಾರೆ. ಕಟ್ಟಿನಿಂದ ಆಗಷ್ಟೇ ತೆಗೆದ ಹಾಳೆ ಕೋಣೆಯ ಗಾಳಿಗೆ ಹೊಂದಿಕೊಳ್ಳುವಾಗ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅದೂ ನಾರಿನ ಅಡ್ಡಕ್ಕೆ ಹೆಚ್ಚು. ಮೊದಲ ಬಣ್ಣ ಒತ್ತಿ ಎರಡನೆಯದಕ್ಕೆ ಬಂದಾಗ ವೃತ್ತಗಳು ಕೂಡದಿದ್ದರೆ ಚೌಕಟ್ಟನ್ನು ಮೇಜಿಗೆ ಹಿಡಿದಿಡುವ ಕಬ್ಜದ ತಪ್ಪು ಎಂದು ಸ್ಕ್ರೂ ಬಿಗಿಯುವ ಮೊದಲು ಕಾಗದವನ್ನು ಅಳೆಯಿರಿ. ಒಂದು ದಿನ ಮೊದಲೇ ಹಾಳೆಗಳನ್ನು ಕೆಲಸದ ಕೋಣೆಯಲ್ಲಿ ಬಿಡಿಸಿಟ್ಟರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಈಗ ಎಲ್ಲಾರೂ ಮೊಬೈಲಿನಾಗ ಕೇಳ್ತಾರ. ಕವರು ಯಾಕ ಬೇಕು?

ಮೊಬೈಲಿನಲ್ಲೂ ಹಾಡಿನ ಪಕ್ಕದಲ್ಲಿ ಒಂದು ಚೌಕ ಇದ್ದೇ ಇದೆ. ಹಾಡು ಏರಿಸುವಾಗ ಸಾಮಾನ್ಯವಾಗಿ 3000 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚಿತ್ರ ಕೇಳುತ್ತಾರೆ. ಕೇಳುವವರಿಗೆ ಅದು ಹೆಬ್ಬೆರಳಿನ ಉಗುರಿನಷ್ಟಾಗಿ ಕಾಣುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಮುಖಚಿತ್ರ ಉದ್ದಕ್ಕೆ ಕಿರಿದಾಗಿ ಮುಖ, ಹೆಸರು, ಕಂಪನಿಯ ಗುರುತುಗಳಿಂದ ತುಂಬಿಹೋಗಿತ್ತು, ಈಗ ಚೌಕ ಮರಳಿ ಬಂದಿದೆ. ಉಗುರಿನಷ್ಟು ಜಾಗದಲ್ಲಿ ತಂಬೂರಿ ಹಿಡಿದ ಭಾವಚಿತ್ರ ಕಂದು ಮಸುಕಾಗುತ್ತದೆ, ಆದರೆ ರೂಪಕದ ಎರಡು ತುಂಬು ವೃತ್ತಗಳು ಹಾಗೆಯೇ ನಿಲ್ಲುತ್ತವೆ. ನಾನು ಮೊದಲು ಕಾಗದದ ಮೇಲೆ ಒತ್ತಿ, ಅದನ್ನೇ ಸ್ಕ್ಯಾನ್ ಮಾಡಿ ಕಳಿಸುತ್ತೇನೆ. ಶಾಯಿಯ ಅಂಚಿನ ಜೀವ ಪರದೆಯ ಮೇಲೂ ಸ್ವಲ್ಪ ಉಳಿಯುತ್ತದೆ.

ಪ್ರಸಿದ್ಧ ಮುಖಚಿತ್ರಗಳನ್ನು ನೋಡಿ ನಾನೇ ಸ್ಕ್ರೀನ್ ಪ್ರಿಂಟ್ ಮಾಡಿ ಮಾರಬಹುದೇ?

ಕಲಿಯಲು ನಕಲು ಮಾಡಿ ಮನೆಯಲ್ಲಿಟ್ಟುಕೊಳ್ಳಿ, ಮಾರಬೇಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಕೃತಿಯ ಹಕ್ಕು ಕಲಾವಿದರ ಜೀವಮಾನ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ ಇರುತ್ತದೆ. ಆಲ್ಬರ್ಸ್ ತೀರಿಕೊಂಡದ್ದು 1976ರಲ್ಲಿ; ಆ ಲೆಕ್ಕ 2036ರ ಕೊನೆಯವರೆಗೆ ಹೋಗುತ್ತದೆ. ಚೌಕವನ್ನು, ವೃತ್ತವನ್ನು, ಝಪತಾಲದ 2-3-2-3ನ್ನು ಯಾರೂ ತಮ್ಮದೆನ್ನಲಾರರು. ಅವುಗಳನ್ನು ಇಂಥದೇ ಬಗೆಯಲ್ಲಿ ಜೋಡಿಸಿದ ಚಿತ್ರ ಮಾತ್ರ ಜೋಡಿಸಿದವರದು. ಇಳಕಲ್ ಸೀರೆಗೆ ಭೌಗೋಳಿಕ ಗುರುತು (ಜಿಐ) ಇರುವುದರಿಂದ ತೋಪ ತೆನಿಯನ್ನು ಬಟ್ಟೆಯ ಮೇಲೆ ಒತ್ತಿ ಇಳಕಲ್ ಸೀರೆ ಎಂದು ಮಾರುವುದೂ ತಪ್ಪು, ಅದು ನೇಕಾರರ ಅನ್ನಕ್ಕೆ ಕೈ ಹಾಕಿದಂತೆ.

ನಮ್ಮ ಹಾಡಿನ ಮುದ್ರಿಕೆಗೆ ಮುಖಚಿತ್ರ ಬೇಕು. ಬರುವಾಗ ಏನೇನು ತರಬೇಕು?

ಫೋಟೋ ತರಬೇಡಿ, ಪೂರ್ತಿ ಧ್ವನಿಮುದ್ರಣ ತನ್ನಿ. ಎರಡು ನಿಮಿಷದ ತುಣುಕು ಸಾಲದು, ಏಕೆಂದರೆ ವಿಲಂಬಿತದ ಒಂದು ಆವರ್ತನವೇ ಒಂದು ನಿಮಿಷದ ಸಮೀಪಕ್ಕೆ ಹೋಗಬಹುದು. ಯಾವ ರಾಗ, ಯಾವ ತಾಳ, ಷಡ್ಜ ಹಾರ್ಮೋನಿಯಂನ ಯಾವ ಪಟ್ಟಿ, ತಬಲಾ ಸಾಥ್ ನೀಡಿದವರು ಯಾವ ಠೇಕಾ ಹಿಡಿದರು ಎಂದು ಬರೆದು ಕೊಡಿ. ಸಾಧ್ಯವಾದರೆ ತಬಲಾದವರನ್ನೇ ಕರೆತನ್ನಿ, ಏಕೆಂದರೆ ಖಾಲಿಯನ್ನು ಅವರು ಎಲ್ಲಿ ಬಿಟ್ಟರು ಎಂದು ಅವರ ಬಾಯಿಂದಲೇ ಕೇಳಿದರೆ ನನಗೆ ಮೊದಲ ಗೆರೆ ಸಿಕ್ಕಂತೆ. ಮುದ್ರಿಕೆಗೆ ಸಹಕರಿಸಿದ ಎಲ್ಲರ ಹೆಸರುಗಳನ್ನು ಕಾಗುಣಿತ ಸರಿನೋಡಿ ಕೊಡಿ. ಮುಖಚಿತ್ರದ ಹಕ್ಕು ಯಾರದು, ಕಾಗದದ ಪ್ರತಿಗಳನ್ನು ನಾನು ಬೇರೆಯಾಗಿ ಮಾರಬಹುದೇ ಎಂಬುದನ್ನು ಕೆಲಸಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡೋಣ. ಮೂರು ಬಣ್ಣದೊಳಗಿನ ಕೆಲಸವಾದರೆ ಬ್ಯಾಸಿಗೆಯಲ್ಲೂ ಒಪ್ಪಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಿನ ಬಣ್ಣ ಬೇಕಾದವರು ಮಳೆಗಾಲ ಕಳೆದ ಮೇಲೆ ಬರುವುದು ಒಳ್ಳೆಯದು.